ಅಡಿಕೆ ಡ್ರೈಯರಿನ ಒಲೆ: ಚಿಮಣಿ ಪಾಲಾಗುತ್ತಿದ್ದ ಶಾಖ ತಟ್ಟೆಗೆ ಬಂತು

ಹೊಗೆಗೆ ಅಡ್ಡ ಹಾಕಿದರೆ ಬೆಂಕಿ ನಂದುತ್ತದೆ ಎಂದು ಶಿರಸಿಯ ವೆಲ್ಡಿಂಗ್‌ನವರೂ ಹೇಳಿದ್ದರು, ನೆಂಟರೂ ಹೇಳಿದ್ದರು. ಅಡ್ಡ ಹಾಕಿದ ಮೇಲೆಯೇ ಅಡಿಕೆ ಹರಡುವ ತಟ್ಟೆಯ ಗಾಳಿ 45 ಡಿಗ್ರಿಯಿಂದ 60ರ ಆಸುಪಾಸಿಗೆ ಏರಿತು. ಕಟ್ಟಿಗೆಯೂ ಮೂರರಲ್ಲೊಂದು ಪಾಲು ಉಳಿಯಿತು. ನಮ್ಮ ಕಡೆ ಕೆಂಪಡಿಕೆ ಒಣಗಿಸುವವರಿಗೆ ಇದು ಸಣ್ಣ ಮಾತಲ್ಲ.

ಒಲೆ ಎಲ್ಲರದೂ ಇರುವಂಥದ್ದೇ: ಅಡ್ಡ ಮಲಗಿಸಿದ 200 ಲೀಟರ್ ಡ್ರಮ್ಮು, ಮುಂದೆ ಬಾಗಿಲು, ಹಿಂದೆ ಮೇಲ್ಗಡೆ 6 ಇಂಚಿನ ಕೊಳವೆ. ಬ್ಲೋವರ್ ಊದಿದರೆ ಶಾಖ ಹೆಚ್ಚುತ್ತದೆ ಅನ್ನುವ ಸಲಹೆಗೆ ಆರು ಸಾವಿರ ಹೋಯಿತು. ಜ್ವಾಲೆ ನೇರ ಕೊಳವೆಗೆ ನುಗ್ಗಿ ಚಿಮಣಿ ಬುಡ 300 ದಾಟಿತು, ತಟ್ಟೆ ತಣ್ಣಗೇ ಉಳಿಯಿತು. ಡ್ರಮ್ಮಿಗೆ ಜಿಐ (ಸತು ಲೇಪಿಸಿದ) ತಗಡಿನ ರೆಕ್ಕೆ ಅಂಟಿಸುವುದೂ ಬೇಡ. ಕಾದರೆ ಸತುವು ಹೋಗುತ್ತದೆ, ಅದರ ಹೊಗೆ ಕೆಟ್ಟದ್ದು.

ಕೆಲಸ ಮಾಡಿದ್ದು ಒಳಗಿನ ಅಡ್ಡಹಲಗೆ. 5 ಎಂಎಂ ದಪ್ಪದ ಎಂಎಸ್ (ಸಾದಾ ಉಕ್ಕಿನ) ತಗಡು, ಡ್ರಮ್ಮಿನ ನೆತ್ತಿಯಿಂದ ಆರೇಳು ಇಂಚು ಕೆಳಗೆ, ಹಿಂಗೋಡೆಗೆ ತಾಗಿಸಿ, ಬಾಗಿಲ ಕಡೆ ನಾಲ್ಕು ಇಂಚು ಬಿಟ್ಟು. ಜ್ವಾಲೆ ಮುಂದೆ ಬಂದು, ತಿರುಗಿ, ನೆತ್ತಿಯನ್ನು ಸವರಿಕೊಂಡು ಹಿಂದೆ ಹೋಗಬೇಕು. ವೆಲ್ಡ್ ಮಾಡಬೇಡಿ. ಕಾದಾಗ ಹಿಗ್ಗಿ ಬೆಸುಗೆ ಸೀಳುತ್ತದೆ. ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮೇಲೆ ಸುಮ್ಮನೆ ಕೂರಿಸಿದರೆ ಸಾಕು, ಬಾಗಿದಾಗ ಮಗುಚಿ ಹಾಕಬಹುದು. ಹಲಗೆಯ ಕೆಳಗೆ ಬಿಸಿಗಾಳಿ ಬಿಡಲು ಒಂದು ಸಣ್ಣ ಪೈಪು ಇಟ್ಟಿದ್ದೇನೆ; ತೂತಿನ ಅಳತೆ ಇಲ್ಲಿ ಬರೆಯುವುದಿಲ್ಲ, ಒಲೆ ನೋಡಲು ಬಂದವರಿಗೆ ತೋರಿಸುತ್ತೇನೆ.

ಆಮೇಲೆ ಕೊಳವೆಯನ್ನು ತಟ್ಟೆಗಳಡಿ ಮೂರು ಸಲ ಮಡಚಿ ಓಡಿಸಿ, ಹೊರಬೀಳುವಲ್ಲಿ ಡ್ಯಾಂಪರ್, ಅಂದರೆ ಹೊಗೆಯ ಎಳೆತ ಹೆಚ್ಚುಕಡಿಮೆ ಮಾಡುವ ತಿರುಗು ಬಿಲ್ಲೆ, ಇಟ್ಟೆ. ಡ್ಯಾಂಪರ್ ಬಿಲ್ಲೆಯ ಕಾಲು ಭಾಗ ಕತ್ತರಿಸಿಯೇ ಹಾಕಬೇಕು, ಪೂರ್ತಿ ಮುಚ್ಚಲು ಬರಬಾರದು. ಕೆಂಡದ ವಿಷಗಾಳಿಗೆ ವಾಸನೆಯಿಲ್ಲ, ಡ್ರೈಯರ್ ಪಕ್ಕ ರಾತ್ರಿ ಜನ ಮಲಗುತ್ತಾರೆ. ಬಾಗಿಲು ತೆಗೆಯುವ ಮೊದಲು ಡ್ಯಾಂಪರ್ ಪೂರ್ತಿ ಬಿಡಿ, ಇಲ್ಲವಾದರೆ ಹೊಗೆ ಮುಖಕ್ಕೇ. ಬಾಗಿಲ ಅಂಚಿಗೆ ಗ್ಲಾಸ್ ಫೈಬರ್ ಹಗ್ಗ ಬೇಕೇ ಬೇಕು; ಸಂದಿನಿಂದ ಕಳ್ಳಗಾಳಿ ನುಗ್ಗಿದರೆ ಡ್ಯಾಂಪರ್ ಹಿಡಿತಕ್ಕೆ ಸಿಗದು. ಕೊಳವೆಯ ಕೀಲುಗಳನ್ನೂ ಬಿಗಿ ಮಾಡಿ. ಒಂದು ಕಡೆ ಸೋರಿದರೂ ಅಡಿಕೆಗೆ ಹೊಗೆ ವಾಸನೆ ಹತ್ತಿ ದರ ಬೀಳುತ್ತದೆ.

ಚಿಮಣಿ ಬುಡ ಈಗ 160ರ ಸುತ್ತ ಇರುತ್ತದೆ. ಇನ್ನೂ ಹಿಂಡುವ ಆಸೆಗೆ ನಾಲ್ಕನೇ ಸುತ್ತು ಸೇರಿಸಿದಾಗ 100ರ ಹತ್ತಿರ ಇಳಿದು, ಕೊಳವೆಯೊಳಗೆ ಡಾಂಬರಿನಂಥ ಮಸಿ ಕೂತು ಎಳೆತವೇ ನಿಂತಿತು. ಹಸಿ ಕಟ್ಟಿಗೆಗೂ ಅದೇ ಗತಿ. ಬೆಟ್ಟದಿಂದ ತಂದದ್ದನ್ನು ಸೀಳಿ, ಒಂದು ಬೇಸಿಗೆಯಾದರೂ ಮಾಡಿನಡಿ ಒಣಗಿಸಿ.

ಅಡಿಕೆ ಸಿಪ್ಪೆಯನ್ನೂ ಉರಿಸಿ ನೋಡಿದ್ದೇನೆ. ಸಡಿಲ ಸುರಿದರೆ ಬರೀ ಹೊಗೆ. ತಗಡಿನ ಡಬ್ಬಿಯಲ್ಲಿ ನಡುವೆ ದೊಣ್ಣೆ ನಿಲ್ಲಿಸಿ ಗಟ್ಟಿಯಾಗಿ ತುಂಬಿ, ದೊಣ್ಣೆ ಕಿತ್ತು ಹೊಟ್ಟಿನ ಒಲೆಯಂತೆ ಹಚ್ಚಿದರೆ ಎರಡು ತಾಸು ಉರಿಯುತ್ತದೆ. ರಾತ್ರಿ ಕಾವು ಕಾಯಲು ಅಡ್ಡಿಯಿಲ್ಲ, ಮೊದಲ ದಿನದ ಒದ್ದೆ ಅಡಿಕೆಗೆ ಸಾಲದು.

ಒಟ್ಟು ಖರ್ಚು, ಬ್ಲೋವರ್ ಬಿಟ್ಟು, ಹದಿನಾಲ್ಕು ಸಾವಿರದ ಹತ್ತಿರ. ಅದರಲ್ಲಿ ಕೊಳವೆಯದ್ದೇ ಅರ್ಧ. ಪ್ರತಿ ಮಡಿಕೆಗೂ ಬಿಚ್ಚುವ ಮುಚ್ಚಳ ಇಡಿಸಿ, ವಾರಕ್ಕೊಮ್ಮೆ ಬ್ರಷ್ ಹಾಕದಿದ್ದರೆ ಆ ಅರ್ಧ ದುಡ್ಡು ದಂಡ.