ಹಸಿಯಾಗಿರುವಾಗಲೇ ಉಳಿಸಿ: ಕೊಡಗಿನ ಯುವಜನರಿಗೆ ಕೂಡಿ ಬೇಯಿಸುವ, ಕೂಡಿ ಕಾಪಿಡುವ ಕೈಪಿಡಿ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೊಡಗಿನಲ್ಲಿ ಎರಡು ಸುಗ್ಗಿಗಳು ಒಟ್ಟಿಗೆ ಬರುತ್ತವೆ. ತೋಟದ ಮರಗಳಲ್ಲಿ ಹಲಸು, ಕಾಡುಮಾವು ತೂಗುತ್ತಿರುವಾಗಲೇ ಮದುವೆ, ಗೃಹಪ್ರವೇಶ, ದೇವಸ್ಥಾನದ ಹಬ್ಬ ಹಾಗೂ 1997ರಲ್ಲಿ ಕರಡ ಎಂಬ ಊರಿನಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿಯಂತಹ ಪಂದ್ಯಾವಳಿಗಳೂ ನಡೆಯುತ್ತಿರುತ್ತವೆ. ಮರದ ಬುಡದಲ್ಲಿ ಹಣ್ಣು ಕೊಳೆಯುತ್ತದೆ, ಸಭಾಭವನದ ಹಿಂದೆ ಅನ್ನ ಚೆಲ್ಲುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಊರಿನ ಜನ ಸಂತೆಯ ದುಬಾರಿ ತರಕಾರಿಗೆ ಕೈಚಾಚುತ್ತಾರೆ. ಈ ನಷ್ಟವನ್ನು ತಡೆಯಲು ಊರಿನ ಹತ್ತು ಹನ್ನೆರಡು ಯುವಕ ಯುವತಿಯರು ಮನಸ್ಸು ಮಾಡಿದರೆ ಸಾಕು, ಆದರೆ ಎಲ್ಲಿಂದ ಆರಂಭಿಸಬೇಕೆಂಬುದು ಮೊದಲೇ ಸ್ಪಷ್ಟವಾಗಿರಬೇಕು.

ನಮ್ಮ ಗುಂಪು ತಪ್ಪಾಗಿ ಆರಂಭಿಸಿತ್ತು. ಮದುವೆಯೂಟ ಮುಗಿದ ಮೇಲೆ ಉಳಿದದ್ದನ್ನು ಜೀಪಿಗೆ ತುಂಬಿಕೊಂಡು ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಹಂಚುವುದೆಂದು ತೀರ್ಮಾನಿಸಿದ್ದೆವು. ಬೆಳಿಗ್ಗೆ ಹತ್ತಕ್ಕೆ ಬೆಂದ ಅನ್ನ ನಮ್ಮ ಕೈಗೆ ಬಂದದ್ದು ಸಂಜೆ ನಾಲ್ಕಕ್ಕೆ. ಮುಚ್ಚಳ ತೆಗೆದಾಗ ಅನ್ನ ಬೆವರಿ, ಮುದ್ದೆಗಟ್ಟಿ, ನಡುಭಾಗದಲ್ಲಿ ಹುಳಿವಾಸನೆ ಹೊಡೆಯುತ್ತಿತ್ತು. ತೋಟದಲ್ಲಿ ದುಡಿದು ಬಂದವರ ಮಕ್ಕಳಿಗೆ ಅದನ್ನು ಬಡಿಸಲು ಮನಸ್ಸು ಒಪ್ಪದೆ ಇಡೀ ಪಾತ್ರೆಯನ್ನು ಗೊಬ್ಬರದ ಗುಂಡಿಗೆ ಸುರಿದೆವು. ಬೆಂದ ಆಹಾರವನ್ನು ಉಳಿಸಲು ಗಂಟೆಗಳ ಅವಕಾಶವಿರುತ್ತದೆ, ಹಸಿ ಪದಾರ್ಥಕ್ಕೆ ದಿನಗಳ ಅವಕಾಶವಿರುತ್ತದೆ, ಉಪ್ಪು ಕುಡಿದದ್ದಕ್ಕೆ ತಿಂಗಳುಗಳ ಅವಕಾಶವಿರುತ್ತದೆ. ಆದ್ದರಿಂದ ಉಳಿದದ್ದನ್ನು ಏನು ಮಾಡುವುದೆಂದು ಕೇಳುವ ಬದಲು, ಬೇಯಿಸದೆ ಎಷ್ಟನ್ನು ಹಿಂದಿಟ್ಟುಕೊಳ್ಳಬಹುದು ಎಂದು ಕೇಳಿ.

ಅಡುಗೆಮನೆಯಲ್ಲಿ

ಅಡುಗೆಯ ಮುಖ್ಯ ಭಟ್ಟರ ಒಪ್ಪಿಗೆಯಿಲ್ಲದೆ ಯಾವುದೂ ನಡೆಯದು. ಸಮಾರಂಭಕ್ಕೆ ಒಂದು ವಾರವಿರುವಾಗಲೇ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಅವರೊಡನೆ ಕುಳಿತು ಮಾತನಾಡಿ. ಅಡುಗೆ ಸಾಲದೆ ಮರ್ಯಾದೆ ಹೋದೀತೆಂಬುದು ಅವರ ಭಯ, ಮತ್ತು ಆ ಭಯ ನ್ಯಾಯವಾದದ್ದೇ. ಸಾಮಾನ್ಯ ಊಟಕ್ಕೆ 1 ಕೆ.ಜಿ. ಅಕ್ಕಿಗೆ 8ರಿಂದ 10 ಮಂದಿ ಎಂಬ ಲೆಕ್ಕ ಸಾಕಾಗುತ್ತದೆ. ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಒತ್ತು ಶಾವಿಗೆ), ಅಕ್ಕಿರೊಟ್ಟಿ ಇರುವ ಊಟದಲ್ಲಿ ಅನ್ನದ ಖರ್ಚು ಇನ್ನೂ ಇಳಿಯುತ್ತದೆ. ಒಟ್ಟು ಅಕ್ಕಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಮೊದಲ ಪಂಕ್ತಿಗೆ ಬೇಯಿಸಿ, ಎರಡನೆಯ ಒಲೆಯಲ್ಲಿ ನೀರು ಕುದಿಯುತ್ತಲೇ ಇರುವಂತೆ ನೋಡಿಕೊಂಡು, ಎಲೆಗಳ ಎಣಿಕೆ ನೋಡಿ ಮಿಕ್ಕ ಅಕ್ಕಿಯನ್ನು ಕಂತುಗಳಲ್ಲಿ ಹಾಕುವಂತೆ ಕೇಳಿಕೊಳ್ಳಿ. ಎಲೆ ಎಣಿಸುವುದಕ್ಕೆಂದೇ ಒಬ್ಬರು ಊಟದ ಮನೆಯಲ್ಲಿರಬೇಕು; ಅವರಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು.

ತರಕಾರಿಯ ಕೊನೆಯ ಕಾಲು ಭಾಗವನ್ನು ಹೆಚ್ಚದೆ ಬುಟ್ಟಿಯಲ್ಲೇ ಇಡಿ. ಹೆಚ್ಚಿದ ಸೌತೆ, ಕುಂಬಳ ಸಂಜೆಗೆ ನೀರು ಬಿಡುತ್ತವೆ, ಇಡಿಯಾಗಿದ್ದರೆ ವಾರಗಟ್ಟಲೆ ಇರುತ್ತವೆ. ಸಾಂಬಾರಿನ ಬೇಳೆಯನ್ನು ಒಟ್ಟಿಗೆ ಬೇಯಿಸಿಟ್ಟರೂ ತೆಂಗಿನಕಾಯಿ ರುಬ್ಬಿದ್ದನ್ನು ಪಂಕ್ತಿಗೆ ತಕ್ಕಂತೆ ಬೆರೆಸುವುದು ಲೇಸು, ಏಕೆಂದರೆ ತೆಂಗು ಬಿದ್ದ ಸಾಂಬಾರೇ ಮೊದಲು ಹಳಸುವುದು.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಹಂಚುವುದಾದರೆ ಒಲೆಯಿಂದ ಇಳಿದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿ ಇಟ್ಟಿರಬೇಕು. ಹಾಗಿಡಲು ಆಗದಿದ್ದರೆ ಎರಡು ಗಂಟೆಗಳೊಳಗೆ ಅದು ಉಣ್ಣುವವರ ತಟ್ಟೆಯಲ್ಲಿರಬೇಕು. ಅನ್ನವನ್ನು ಮತ್ತೆ ಕುದಿಸಿದರೆ ಸಾಕೆಂಬುದು ತಪ್ಪು ನಂಬಿಕೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿತಕ್ಕೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಾಗ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗದು. ಉಳಿಕೆ ಆಹಾರದ ಹಂಚಿಕೆಗೆ ದೇಶದಲ್ಲಿ 2019ರ ನಿಯಮಾವಳಿಯೇ ಇರುವುದರಿಂದ, ಪ್ರತಿ ಡಬ್ಬದ ಮೇಲೂ ಏನು, ಯಾವಾಗ ಬೆಂದದ್ದು ಎಂಬುದನ್ನು ಬರೆದು ಅಂಟಿಸುವ ಅಭ್ಯಾಸ ಮಾಡಿಕೊಳ್ಳಿ. ಮಾಂಸ, ಮೊಸರು ಬೆರೆತ ಪದಾರ್ಥಗಳನ್ನು ಮಧ್ಯಾಹ್ನ ಕಳೆದ ಮೇಲೆ ಯಾರಿಗೂ ಕೊಡಬೇಡಿ. ಒಣಬಿಸಿಲಿನ ದಿನವಾದರೆ, ಇನ್ನೂ ಕೆಡದ ಅನ್ನವನ್ನು ಕೂಡಲೇ ಅಗಲವಾಗಿ ಹರಡಿ ಆರಿಸಿ, ಉಪ್ಪು, ಜೀರಿಗೆ, ಹಸಿಮೆಣಸು ಹಾಕಿ ನಾದಿ ಸಂಡಿಗೆ ಇಡಬಹುದು. ಮೋಡ ಕಟ್ಟಿದ ದಿನ ಆ ಸಾಹಸ ಬೇಡ, ಬೂಷ್ಟು ಬರುತ್ತದೆ.

ಹಲಸು, ಆನೆ ಮತ್ತು ಭರಣಿ

ಹಂಚುವುದಕ್ಕಿಂತ ದೊಡ್ಡ ಕೆಲಸ ತೋಟದಲ್ಲಿದೆ. ಹಲಸು ಹಣ್ಣಾದರೆ ಅದರ ಪರಿಮಳ ಹಿಡಿದು ಆನೆಗಳು ಕಾಫಿ ತೋಟಕ್ಕೆ ಇಳಿಯುತ್ತವೆ. ಗಿಡ ಮುರಿಯುವುದಲ್ಲದೆ, ಬೆಳಿಗ್ಗೆ ಕೆಲಸಕ್ಕೆ ಹೊರಟವರ ಜೀವಕ್ಕೇ ಅಪಾಯವಾಗುತ್ತದೆ. ಅದಕ್ಕಾಗಿ ಬೆಳೆಗಾರರು ಕಾಯಿಯನ್ನೇ ಕಡಿದು ಬೀಳಿಸಿ ಹಾಗೆಯೇ ಬಿಟ್ಟುಬಿಡುವುದುಂಟು. ಮರದಿಂದ ಕಾಯಿ ಇಳಿಸಿಕೊಡುತ್ತೇವೆ, ಕಾಯಿ ನಮಗಿರಲಿ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಉಪ್ಪುಸೊಳೆಗೆ, ಅಂದರೆ ಉಪ್ಪಿನಲ್ಲಿ ಕಾಪಿಡುವ ಹಲಸಿನ ತೊಳೆಗೆ, ಬೇಕಾದದ್ದೂ ಬಲಿತ, ಆದರೆ ಹಣ್ಣಾಗದ ಕಾಯಿಯೇ.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕಾಯಿ ಸೀಳಿ, ಒಸರುವ ಮೇಣವನ್ನು ಒಣ ಬಟ್ಟೆಯಿಂದ ಒರೆಸಿ ತೆಗೆದು, ನಡುವಿನ ದಿಂಡು ಕಡಿದು ಸೊಳೆ ಬಿಡಿಸಿ. ಬೀಜವನ್ನು ಬೇರೆ ಇಡಿ. ಬಿಡಿಸಿದ ಸೊಳೆಯನ್ನು ತೊಳೆಯಬಾರದು. ತೂಕದಲ್ಲಿ 5 ಕೆ.ಜಿ. ಸೊಳೆಗೆ 1 ಕೆ.ಜಿ. ಕಲ್ಲುಪ್ಪು ಬೆರೆಸಿ, ಬಿಸಿಲಿಗೆ ಒಣಗಿಸಿದ ಭರಣಿಯಲ್ಲಿ ಪದರ ಪದರವಾಗಿ ಒತ್ತಿ ತುಂಬಿ, ಮೇಲೊಂದು ತಟ್ಟೆ ಮುಚ್ಚಿ, ಕುದಿಸಿ ಒಣಗಿಸಿದ ಹೊಳೆಕಲ್ಲನ್ನು ಭಾರವಾಗಿ ಹೇರಿ. ಮೊದಲ ವರ್ಷ ನಮ್ಮಲ್ಲೊಬ್ಬ, ಸೊಳೆ ಒಣಗಿದಂತೆ ಕಾಣುತ್ತಿದೆಯೆಂದು ಒಂದು ಚೆಂಬು ನೀರು ಸುರಿದುಬಿಟ್ಟ. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ, "ಉಪ್ಪೇ ನೀರು ಬಿಡಿಸ್ತದೆ ಮಗಾ, ನೀನು ಒಂದು ತೊಟ್ಟೂ ಹಾಕಬೇಡ" ಎಂದರು. ಎರಡನೆಯ ಭರಣಿಯಲ್ಲಿ ಅವರೆಂದಂತೆಯೇ ಆಯಿತು: ಮಾರನೆಯ ಬೆಳಿಗ್ಗೆ ಕಲ್ಲಿನ ಸುತ್ತ ತಿಳಿ ಹಳದಿ ನೀರು ಎರಡು ಬೆರಳು ಎತ್ತರ ನಿಂತಿತ್ತು. ನೀರು ಹೊಯ್ದ ಮೊದಲ ಭರಣಿ ತಿಂಗಳೊಳಗೆ ಲೋಳೆಯಾಯಿತು. ಎರಡು ದಿನ ಕಳೆದರೂ ಸೊಳೆ ಮುಳುಗದಿದ್ದರೆ ಮಾತ್ರ, ಉಪ್ಪು ಇನ್ನು ಕರಗದು ಎನ್ನುವಷ್ಟು ಗಟ್ಟಿಯಾಗಿ ಕುದಿಸಿ ಪೂರ್ತಿ ಆರಿಸಿದ ಉಪ್ಪುನೀರನ್ನು ಸೇರಿಸಬಹುದು. ನೀರಿನ ಮೇಲೆ ತಲೆ ಎತ್ತಿದ ಸೊಳೆಗೇ ಬೂಷ್ಟು ಹಿಡಿಯುವುದರಿಂದ, ಭಾರದ ಕಲ್ಲಿನ ವಿಷಯದಲ್ಲಿ ಎಂದಿಗೂ ಜಿಪುಣತನ ಮಾಡಬೇಡಿ. ತೆಗೆಯುವಾಗ ಒಣಗಿದ ಮರದ ಸೌಟನ್ನೇ ಬಳಸಿ. ಅಡುಗೆಗೆ ಮುನ್ನ ಸೊಳೆಯನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಎರಡು ಮೂರು ಬಾರಿ ನೀರು ಬದಲಿಸಿ, ಹಿಂಡಿ ತೆಗೆದರೆ ಪಲ್ಯಕ್ಕೂ ರೊಟ್ಟಿಗೂ ಒದಗುತ್ತದೆ.

ಬೇರೆ ಇಟ್ಟ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿ ಬುಟ್ಟಿಯಲ್ಲಿಟ್ಟರೆ ಮಳೆಗಾಲದ ಸಾರಿಗೆ ಆಯಿತು.

ಮಳೆ ಹಿಡಿದ ಮೇಲೆ

ಕೊಡಗಿನ ಮಳೆಗಾಲದಲ್ಲಿ ಫ್ರಿಜ್ಜನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ಎಷ್ಟೋ ಊರುಗಳಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆ ದಿನಗಳಲ್ಲಿ ಕೆಡದೆ ಉಳಿದದ್ದು ಭರಣಿಯಲ್ಲಿದ್ದದ್ದು ಮತ್ತು ಒಲೆಯ ಮೇಲಿನ ಅಟ್ಟದಲ್ಲಿದ್ದದ್ದು. ಗ್ಯಾಸ್ ಒಲೆ ಬಂದ ಮೇಲೆ ಅಡುಗೆಮನೆಯ ಹೊಗೆ ಹೋಯಿತಾದರೂ, ಬಚ್ಚಲಿನ ಹಂಡೆಯ ಒಲೆ ಇನ್ನೂ ಅನೇಕ ಮನೆಗಳಲ್ಲಿ ದಿನವೂ ಉರಿಯುತ್ತದೆ. ಅದರ ಮೇಲೆ ಒಂದಾಳೆತ್ತರದಲ್ಲಿ ಬಿದಿರಿನ ತಟ್ಟಿ ಕಟ್ಟಿದರೆ ಪುನರ್ಪುಳಿ (ಕೋಕಂ) ಸಿಪ್ಪೆ, ಮೆಣಸಿನಕಾಯಿ, ಉಪ್ಪು ಅರಿಶಿನ ಸವರಿ ತೆಳ್ಳಗೆ ಸೀಳಿದ ಹಂದಿಮಾಂಸ ಎಲ್ಲವನ್ನೂ ಒಣಗಿಸಬಹುದು. ಒಣಗಿದ ಮಾಂಸವನ್ನು ಬಿಸಿನೀರಿನಲ್ಲಿ ತೊಳೆದು, ಸಂಪೂರ್ಣ ಬೇಯಿಸಿಯೇ ತಿನ್ನಬೇಕು.

ಪಣಂಪುಳಿ ಎಂಬ ಹುಳಿಹಣ್ಣಿನ ರಸ ಬತ್ತಿಸಿ ಅಡುಗೆಯ ಹುಳಿಯಾದ ಕಾಚಂಪುಳಿ ಮಾಡುವುದು ಗುಂಪಿಗೆ ಹೇಳಿ ಮಾಡಿಸಿದ ಕೆಲಸವೆಂದು ನನ್ನ ಅನಿಸಿಕೆ. ಒಂದೆರಡು ಮರವಿರುವ ಮನೆಯವರು ಬುಟ್ಟಿಯಷ್ಟು ಹಣ್ಣಿಗಾಗಿ ಇಡೀ ದಿನ ಒಲೆ ಉರಿಸಲಾರರು, ಹಾಗಾಗಿ ಪಣಂಪುಳಿ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಹತ್ತು ಮನೆಯ ಹಣ್ಣು ಕೂಡಿದರೆ ಒಂದೇ ಒಲೆ ಸಾಕು. ಮಳೆಯಲ್ಲಿ ಉದುರಿದ ಹಣ್ಣನ್ನು ಅಂದಂದೇ ಆರಿಸಿ, ತೂತಿನ ಬುಟ್ಟಿಯಲ್ಲಿ ಹಾಕಿ ಕೆಳಗೊಂದು ಪಾತ್ರೆ ಇಡಿ. ಕೆಲವು ದಿನಗಳಲ್ಲಿ ಹಣ್ಣು ಕರಗಿ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ನಸುಗೆಂಪು ನೀರು ಕಂದಾಗಿ, ಕೊನೆಗೆ ಕಪ್ಪು ಪಾಕವಾಗುತ್ತದೆ. ತಟ್ಟೆಯ ಮೇಲೆ ಬಿಟ್ಟ ಹನಿ ಹರಿಯದೆ ಗುಂಡಗೆ ನಿಂತಾಗ ಇಳಿಸಿ, ಗಾಜಿನ ಬಾಟಲಿಗೆ ತುಂಬಿ. ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳನ್ನು ಹತ್ತಿರವೂ ತರಬೇಡಿ, ಇಷ್ಟು ಹುಳಿ ಅವನ್ನು ತಿನ್ನುತ್ತದೆ. ಹದವಾಗಿ ಬತ್ತಿಸಿದ ಕಾಚಂಪುಳಿ ವರ್ಷಗಟ್ಟಲೆ ಕೆಡುವುದಿಲ್ಲ.

ಕಣಿಲೆಯ, ಅಂದರೆ ಎಳೆ ಬಿದಿರಿನ ಮೊಳಕೆಯ, ವಿಷಯದಲ್ಲಿ ಎಚ್ಚರ ಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿದ ನಂತರವೇ ಉಪ್ಪುನೀರಿಗೆ ಹಾಕಿ. ಸ್ವಂತ ತೋಟದಂಚಿನ ಬಿದಿರಿನಿಂದ ಮಾತ್ರ ಕಡಿಯಿರಿ. ಮೀಸಲು ಅರಣ್ಯದ ಕಣಿಲೆಗೆ ಕೈ ಹಾಕುವುದು ಕಾನೂನಿಗೂ ಆನೆಗಳ ಹೊಟ್ಟೆಗೂ ವಿರುದ್ಧ. ಚಳಿಗಾಲದ ಕಿತ್ತಳೆ ಸಿಪ್ಪೆ ಗೊಜ್ಜಿಗೆ ಸೇರಲಿ, ಅತಿಯಾಗಿ ಮಾಗಿದ ಬಾಳೆಹಣ್ಣು ಸುಗ್ಗಿಹಬ್ಬವಾದ ಪುತ್ತರಿಯ ತಂಬಿಟ್ಟಿಗೆ ಸೇರಲಿ.

ಎಂಜಲೆಲೆಯ ಮಾಂಸದ ಚೂರುಗಳನ್ನು ಹಂದಿಗೂಡಿಗೆ ಸುರಿಯುವ ರೂಢಿಯನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲಿ ಅದೂ ಒಂದು. ತರಕಾರಿ ಸಿಪ್ಪೆ ದನಗಳಿಗೆ, ಮಿಕ್ಕದ್ದು ಕಾಫಿ ಗಿಡದ ಗೊಬ್ಬರದ ಗುಂಡಿಗೆ ಹೋಗಲಿ.

ಕಲಿಯಲು ಮೊದಲ ಶಾಲೆ ಊರಿನ ಅಜ್ಜಿಯಂದಿರು. ಅವರು ಕೈಯಳತೆಯಲ್ಲಿ ಹೇಳಿದ್ದನ್ನು ನೀವು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಸಂಸ್ಕರಣೆಯ ಬಗ್ಗೆ ಹೆಚ್ಚಿನ ಸಲಹೆ ಬೇಕೆನಿಸಿದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. 1950ರಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಮೈಸೂರಿನಲ್ಲೇ ಇದೆ. ಮಾರುವ ಯೋಚನೆ ಬಂದ ದಿನ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಂಡೇ ಮುಂದುವರಿಯಿರಿ.

ಗುಂಪಿಗೊಂದು ಉದ್ದನೆಯ ಲೆಕ್ಕದ ಪುಸ್ತಕ ಇರಲಿ. ಯಾರ ತೋಟದ ಎಷ್ಟು ಕಾಯಿ, ಎಷ್ಟು ಉಪ್ಪು, ಯಾವ ದಿನ ತುಂಬಿದ ಭರಣಿ, ಯಾರ ಮನೆಯಲ್ಲಿದೆ ಎಂಬುದನ್ನು ಅಂದೇ ಬರೆಯಬೇಕು. ತಂದ ಕಾಯಿಗೆ ತಕ್ಕಂತೆ ಪಾಲು ಹಂಚುವುದಾದರೂ, ತೋಟವಿಲ್ಲದೆ ಬರೀ ಕೈಕೆಲಸ ಕೊಟ್ಟವರಿಗೂ ಸಮ ಪಾಲು ಸಿಗಬೇಕು. ಇದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸದಿದ್ದರೆ ಗುಂಪು ಎರಡನೆಯ ವರ್ಷ ಕಾಣುವುದಿಲ್ಲ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮೊದಲ ಭರಣಿ ತೆರೆದಾಗ ಯಾವುದು ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಅದೇ ಪುಟದ ಕೆಳಗೆ ಬರೆದಿಡಿ, ಮತ್ತು ಮುಂದಿನ ಏಪ್ರಿಲ್‌ನಲ್ಲಿ ಕತ್ತಿಗೆ ಎಣ್ಣೆ ಸವರುವ ಮೊದಲು ಆ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿಸಿ.