ಹಳೆ ಕಾರಿಗೆ ಬೇರೆ ಎಂಜಿನ್: ಕ್ಲಚ್, ಫ್ಲೈವೀಲ್ ಆರಿಸುವುದು ಹೇಗೆ?

ಕಾಸರಗೋಡು, ಮಂಜೇಶ್ವರ ಕಡೆ ಹಳೆ ಅಂಬಾಸಡರನ್ನು ಪ್ರೀತಿಯಿಂದ ಇಟ್ಟುಕೊಂಡವರು ಈಗಲೂ ಇದ್ದಾರೆ. 1489 ಸಿಸಿಯ ಹಳೆ ಎಂಜಿನ್ ಸೋತ ಮೇಲೆ, 1990ರ ದಶಕದಲ್ಲಿ ಅಂಬಾಸಡರಿಗೇ ಬಂದ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಕೂರಿಸುವ ಆಸೆ ಹಲವರಿಗೆ. ಎಂಜಿನ್ ಹುಡುಕಲು ಊರೂರು ಸುತ್ತುತ್ತಾರೆ. ಕ್ಲಚ್ ಮಾತ್ರ ಮಂಗಳೂರಿನಲ್ಲಿ ಕೈಗೆ ಸಿಕ್ಕಿದ್ದನ್ನೇ ತರುತ್ತಾರೆ. ಎಲ್ಲ ಜೋಡಿಸಿ ಪೆಡಲ್ ಒತ್ತಿದರೆ ಗೇರ್ ಬೀಳುವುದಿಲ್ಲ. ಮತ್ತೆ ಗೇರ್ ಬಾಕ್ಸ್ ಇಳಿಸಬೇಕು. ಇದನ್ನು ಎಷ್ಟೋ ಗ್ಯಾರೇಜುಗಳಲ್ಲಿ ನೋಡಿದ್ದೇನೆ. ಕ್ಲಚ್‌ನ ಶಕ್ತಿ ಕಡಿಮೆಯಾಗಿ ಹೀಗಾಗುವುದು ಅಪರೂಪ. ಅಳತೆ ತೆಗೆಯದೆ ಜೋಡಿಸಿರುತ್ತಾರೆ, ಅಷ್ಟೇ.

ಕಾಗದದ ಕೆಲಸ ಮೊದಲು. ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಹೇಳುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ, ಆರ್‌ಟಿಒ ಅನುಮತಿ ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ.

ಯಾವುದು ಯಾವುದಕ್ಕೆ ಸೇರಿದ್ದು?

ಫ್ಲೈವೀಲ್, ಅಂದರೆ ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರ, ಎಂಜಿನ್ನಿಗೆ ಸೇರಿದ್ದು. ಅದರ ನಡುವಿನ ಬೋಲ್ಟ್ ತೂತುಗಳು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಹೊಂದಬೇಕು, ಅಂಚಿನ ರಿಂಗ್ ಗೇರ್ ಸ್ಟಾರ್ಟರಿನ ಹಲ್ಲಿಗೆ ಹೊಂದಬೇಕು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಫ್ಲೈವೀಲಿಗೆ ಸೇರಿದ್ದು. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಮಾತ್ರ ಗೇರ್ ಬಾಕ್ಸಿನ ಶಾಫ್ಟಿಗೆ ಸೇರಿದ್ದು. ಅಂಗಡಿಯವರು "ಎಲ್ಲದಕ್ಕೂ ಕೂರುತ್ತದೆ" ಎಂದರೆ ಒಪ್ಪಬೇಡಿ. ಶಾಫ್ಟನ್ನೇ ಜೊತೆಗೆ ಒಯ್ದು, ಪ್ಲೇಟ್ ಹಾಕಿ, ಹಿಡಿತವಿಲ್ಲದೆ ಜಾರುತ್ತದೋ ನೋಡಿ.

ನನ್ನನ್ನು ಕೇಳಿದರೆ ಎಂಜಿನ್, ಫ್ಲೈವೀಲ್, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚ), 5 ಗೇರಿನ ಬಾಕ್ಸ್ ಎಲ್ಲವನ್ನೂ ಒಂದೇ ಗಾಡಿಯಿಂದ ತೆಗೆದುಕೊಳ್ಳಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಸ್ಟಿಯರಿಂಗ್ ಪಕ್ಕದ ಹಳೆ ಗೇರೇ ಬೇಕು ಎನ್ನುವವರಿಗೆ ಎಂಜಿನ್ನಿಗೂ ಹಳೆ ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಮುಂದಿನ ಅಳತೆ ಮುಖ್ಯವಾಗಿ ಅವರಿಗಾಗಿ.

ಫ್ಲೈವೀಲ್: ಹಗುರ ಮಾಡಿಸಬೇಡಿ

ಲೇತಿನಲ್ಲಿ ಫ್ಲೈವೀಲ್ ಕೆತ್ತಿಸಿ ಹಗುರ ಮಾಡುವ ಹುಚ್ಚು ಈಗ ಜಾಸ್ತಿ. ರೇಸಿಗೆ ಸರಿ. ಎಂಜಿನ್ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಆದರೆ ನಮ್ಮ ಕಡೆಯ ಮನೆಗಳು ಗುಡ್ಡದ ಮೇಲೆ ಇವೆ. ಬದಿಯಡ್ಕ, ಪೆರ್ಲದ ಆಚೆಗೆ ಮುರಕಲ್ಲಿನ ಕಡಿದಾದ ಏರಿನಲ್ಲಿ, ಹಿಂದೆ ಅಡಿಕೆ ಮೂಟೆ ಹಾಕಿಕೊಂಡು, ನಿಂತಲ್ಲಿಂದ ಹೊರಡಬೇಕು. 4 ಸಿಲಿಂಡರಿನ ಎಂಜಿನ್ನಿಗೆ ಅರ್ಧ ಸುತ್ತಿಗೊಮ್ಮೆ ಮಾತ್ರ ತಳ್ಳು ಸಿಗುತ್ತದೆ. ನಡುವೆ ಎಂಜಿನ್ ಸಾಯದಂತೆ ತಿರುಗಿಸುವುದು ಫ್ಲೈವೀಲಿನ ಭಾರ. ಅದನ್ನು ಕೆತ್ತಿಸಿದರೆ ಪ್ರತಿ ಏರಿನಲ್ಲೂ ಆಕ್ಸಿಲರೇಟರ್ ಒತ್ತಿ, ಕ್ಲಚ್ ಸುಟ್ಟು ಹೊರಡಬೇಕಾಗುತ್ತದೆ. ತೆಳ್ಳಗಾದ ಹಳೆ ಎರಕದ ಫ್ಲೈವೀಲ್ ವೇಗದಲ್ಲಿ ಒಡೆದರೆ ಚೂರುಗಳು ಕಾಲಿನ ಹತ್ತಿರ ಬರುತ್ತವೆ. ಕಂಪನಿ ಭಾರವೇ ಇರಲಿ.

ಉಜ್ಜುವ ಮುಖದಲ್ಲಿ ನೀಲಿ ಕಲೆ ಕಂಡರೆ ಅಲ್ಲಿ ಲೋಹ ಬಿಸಿಗೆ ಗಡುಸಾಗಿದೆ. ತೆಳುವಾಗಿ ಗ್ರೈಂಡ್ ಮಾಡಿಸಬಹುದು. ಉಗುರಿಗೆ ತಾಗುವಷ್ಟು ಬಿರುಕಿದ್ದರೆ ಗುಜರಿಗೆ ಹಾಕಿ. ಪ್ರೆಷರ್ ಪ್ಲೇಟ್ ಕೂರುವ ಅಂಚು ಮೆಟ್ಟಿಲಿನಂತೆ ಬೇರೆ ಎತ್ತರದಲ್ಲಿದ್ದರೆ, ಮುಖದಿಂದ ತೆಗೆದಷ್ಟನ್ನೇ ಅಂಚಿನಿಂದಲೂ ತೆಗೆಯಬೇಕು. ಇಲ್ಲವಾದರೆ ಒತ್ತಡ ತಪ್ಪುತ್ತದೆ.

ಅಳತೆ

ಮೊದಲಿಗೆ ಒಂದು ಡೆಪ್ತ್ ವರ್ನಿಯರ್ (ಆಳ ಅಳೆಯುವ ಸಾಧನ), ಒಂದು ನೇರ ಉಕ್ಕಿನ ಪಟ್ಟಿ ಸಾಕು. ಕೊನೆಗೆ ಮಾತ್ರ ಡಯಲ್ ಗೇಜ್ (ಮುಳ್ಳಿನ ಅಳತೆ ಸಾಧನ) ಬೇಕು.

ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಮೂರನ್ನೂ ಎಂಜಿನ್ನಿಗೆ ಬಿಗಿದು ಬಿಡಿ. ಎಂಜಿನ್ ಬ್ಲಾಕಿನ ಹಿಂದಿನ ಮುಖದಿಂದ ಪ್ರೆಷರ್ ಪ್ಲೇಟಿನ ನಡುವೆ ಇರುವ ಸ್ಪ್ರಿಂಗ್ ಬೆರಳುಗಳ ತುದಿ ಎಷ್ಟು ಹೊರಗೆ ಬಂದಿದೆ ಅಳೆಯಿರಿ. 42 ಮಿಮೀ ಎಂದುಕೊಳ್ಳೋಣ. ಈಗ ಗೇರ್ ಬಾಕ್ಸ್ ಕಡೆ ಬನ್ನಿ. ಪೆಡಲ್ ಒತ್ತಿದಾಗ ಆ ಬೆರಳುಗಳನ್ನು ತಳ್ಳುವ ರಿಲೀಸ್ ಬೇರಿಂಗನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಬೆಲ್ ಹೌಸಿಂಗಿನ ಬಾಯಿಗೆ ಪಟ್ಟಿ ಇಟ್ಟು, ಬೇರಿಂಗಿನ ಮುಖ ಎಷ್ಟು ಒಳಗಿದೆ ಅಳೆಯಿರಿ. 44 ಮಿಮೀ ಸಿಕ್ಕಿತು, ಅಡಾಪ್ಟರ್ 8 ಮಿಮೀ ದಪ್ಪ ಎಂದಾದರೆ ಒಟ್ಟು 52. ಅದರಲ್ಲಿ 42 ಕಳೆದರೆ 10 ಮಿಮೀ ಜಾಗ ಉಳಿಯಿತು.

ಇಷ್ಟು ಜಾಗ ಯಾಕೆ? ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗಿನ ಕಡೆಗೇ ಬರುತ್ತವೆ, ಅದೂ ಸವೆತದ ಮೂರು-ನಾಲ್ಕು ಪಟ್ಟು. 2 ಮಿಮೀ ಸವೆದರೆ ಬೆರಳು 6ರಿಂದ 8 ಮಿಮೀ ಹಿಂದೆ ಸರಿಯಿತು. ಜಾಗವಿಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಜಾರುತ್ತದೆ. ಆಗ ಜನ ಪ್ಲೇಟನ್ನು ಬೈಯುತ್ತಾರೆ. ಜಾಗ ತುಂಬ ಜಾಸ್ತಿಯಾದರೆ ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಬಿಡುವುದಿಲ್ಲ. ಓಡಿಸುವಾಗ ಬೇರಿಂಗಿಗೂ ಬೆರಳುಗಳಿಗೂ ನಡುವಿನ ಸಡಿಲು 2 ಮಿಮೀ ಬರುವಂತೆ, ಬೇರಿಂಗನ್ನು ತಳ್ಳುವ ರಾಡಿನಲ್ಲಿ ಹೊಂದಿಸಿಕೊಳ್ಳಿ. ಪ್ರೆಷರ್ ಪ್ಲೇಟಿನ ಕೆಳಗೆ ವಾಷರ್ ತುರುಕುವ ಅಡ್ಡದಾರಿ ಮಾತ್ರ ಬೇಡವೇ ಬೇಡ. ಒತ್ತಡವೇ ಕಡಿಮೆಯಾಗುತ್ತದೆ.

ಅದೇ ಅಡಾಪ್ಟರ್ ಗೇರ್ ಬಾಕ್ಸಿನ ಶಾಫ್ಟನ್ನೂ 8 ಮಿಮೀ ಹಿಂದಕ್ಕೆ ಎಳೆದಿರುತ್ತದೆ. ಶಾಫ್ಟಿನ ಮೂತಿ ಕ್ರ್ಯಾಂಕಿನ ತುದಿಯ ತೂತಿನಲ್ಲಿರುವ ಪೈಲಟ್ ಬುಷ್ ಒಳಗೆ ಸರಿಯಾಗಿ ಕೂರಬೇಕು, ತಳಕ್ಕೆ ತಾಗಬಾರದು. ಕ್ರ್ಯಾಂಕಿನ ತೂತಿನ ತಳಕ್ಕೆ ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆ ಅಂಟಿಸಿ, ಬಾಕ್ಸ್ ಒಮ್ಮೆ ಸುಮ್ನೆ ಕೂರಿಸಿ ತೆಗೆಯಿರಿ. ಕ್ಲೇಯಲ್ಲಿ ಮೂತಿಯ ಅಚ್ಚು ಮೂಡಿರುತ್ತದೆ. ಅಚ್ಚಿನಡಿ 2-3 ಮಿಮೀ ಉಳಿದಿದ್ದರೆ ಸರಿ. ಕ್ಲೇ ಪೂರ್ತಿ ತೆಗೆದು ಒರೆಸಿಬಿಡಿ.

ಕೊನೆಗೆ ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ನಡುತೂತಿನ ಸುತ್ತ ತಿರುಗಿಸಿ. ನಡುಬಿಂದು 0.1 ಮಿಮೀಗಿಂತ ಜಾಸ್ತಿ ಸರಿದಿರಬಾರದು. ಮುಳ್ಳು ಅದರ ಎರಡು ಪಟ್ಟು ಆಡುತ್ತದೆ ಎಂಬುದು ನೆನಪಿರಲಿ.

ಪ್ಲೇಟ್, ಬೇರಿಂಗ್, ಸಿಲಿಂಡರ್

ರಸ್ತೆಗೆ ಸಾದಾ ಆರ್ಗ್ಯಾನಿಕ್ ಫೇಸಿಂಗೇ (ಪ್ಲೇಟಿನ ಉಜ್ಜುವ ಪದರ) ಬೇಕು. ತುಂಡು ತುಂಡು ಸೆರಾಮಿಕ್ ಪ್ಲೇಟ್ ಹಾಕಿದರೆ ಗಾಡಿ ಜಿಗಿಯುತ್ತಾ ಹೊರಡುತ್ತದೆ. ಹಳೆ ಬಾಕ್ಸಿನ ಕಾರ್ಬನ್ ರಿಲೀಸ್ ಬೇರಿಂಗನ್ನು ಹೊಸ ಬಗೆಯ ಬರಿ ಬೆರಳುಗಳ ಮೇಲೆ ಒತ್ತಿಸಬೇಡಿ. ಅದಕ್ಕೆ ಚಪ್ಪಟೆ ಮುಖ ಬೇಕು, ಬೆರಳು ಅದನ್ನು ಕೆರೆದು ತಿನ್ನುತ್ತದೆ. ಪೆಡಲ್ ಹಗುರಾಗಲಿ ಎಂದು ದೊಡ್ಡ ಸ್ಲೇವ್ ಸಿಲಿಂಡರ್ (ಬೇರಿಂಗಿನ ಕಡೆಯದು; ಪೆಡಲ್ ಕಡೆಯದು ಮಾಸ್ಟರ್) ಹಾಕುವವರು ಒಂದು ಲೆಕ್ಕ ಮಾಡಿ: ಮುಕ್ಕಾಲು ಇಂಚಿನ ಮಾಸ್ಟರ್ 25 ಮಿಮೀ ಸರಿದರೆ, ಮುಕ್ಕಾಲೇ ಇಂಚಿನ ಸ್ಲೇವ್ ಕೂಡ 25 ಮಿಮೀ ಸರಿಯುತ್ತದೆ. 7/8 ಇಂಚಿನದು ಸರಿಯುವುದು ಸುಮಾರು 18 ಮಿಮೀ ಮಾತ್ರ, ಆಗ ಕ್ಲಚ್ ಪೂರ್ತಿ ಬಿಡದಿರಬಹುದು.

ಹಳೆ ಕ್ಲಚ್ ಧೂಳನ್ನು ಕಂಪ್ರೆಸರಿನಿಂದ ಊದಬೇಡಿ. ಹಳೆ ಫೇಸಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ. ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿಯುವ ಬೋಲ್ಟುಗಳು ಹೊಸತಿರಲಿ, ಟಾರ್ಕ್ ರೆಂಚಿನಿಂದ ಬಿಗಿಯಿರಿ.

ಮೊದಲ 800 ಕಿಮೀ ಭಾರ ಹೇರಬೇಡಿ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ.