ಮನೆ ಬದಲಾಯಿತು, ಅಮ್ಮನ ಕಾಗದ ಹಳೇ ಮನೆಗೇ ಹೋಯಿತು

2024ರ ಆಗಸ್ಟ್‌ನಲ್ಲಿ ಅಮ್ಮನ ಗ್ರೀನ್ ಕಾರ್ಡಿಗೆ ಅಂತ ಅಮೆರಿಕದ ವಲಸೆ ಇಲಾಖೆಗೆ ಐ-130 (ಹತ್ತಿರದ ಸಂಬಂಧಿಕರಿಗೆ ಹಾಕುವ) ಅರ್ಜಿ ಹಾಕಿದೆ. ಆಗ ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆಗಿದ್ದೆವು. ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಾದರೆ 675. ನಾನು ಐವತ್ತು ಡಾಲರ್ ಜಾಸ್ತಿ ಕೊಟ್ಟು ಕಾಗದದಲ್ಲೇ ಹಾಕಿದೆ. ಹಳೇ ಚಾಳಿ, ಏನು ಮಾಡೋದು! ನಾನು ಸಿಟಿಜನ್ ಆದ್ದರಿಂದ ಅಮ್ಮನಿಗೆ ವೀಸಾ ಬುಲೆಟಿನ್ (ತಿಂಗಳು ತಿಂಗಳು ಬರುವ ಸರದಿ ಪಟ್ಟಿ) ನೋಡಿ ಕಾಯುವ ಸರದಿ ಇಲ್ಲ. ತಮ್ಮನಿಗೋ ಅಕ್ಕನಿಗೋ ಹಾಕಿದವರ ಹಾಗೆ ಹದಿನೈದು ವರ್ಷಕ್ಕೂ ಜಾಸ್ತಿ ಕಾಯಬೇಕಿಲ್ಲ. ಅರ್ಜಿ ಪಾಸಾಗುವ ತನಕ ಸುಮ್ನೆ ಕೂತರೆ ಸಾಕು ಅಂದುಕೊಂಡಿದ್ದೆ.

2025ರ ಮಾರ್ಚ್‌ನಲ್ಲಿ ಕೆಲಸ ಬದಲಾಗಿ ನಾರ್ತ್ ಕ್ಯಾರೊಲಿನಾಕ್ಕೆ ಬಂದೆವು. ನನ್ನ ಹೆಂಡತಿ ಇನ್ನೂ ಗ್ರೀನ್ ಕಾರ್ಡಿನಲ್ಲಿದ್ದಾಳೆ. ಸಿಟಿಜನ್ ಅಲ್ಲದವರು ಮನೆ ಬದಲಿಸಿದ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರ್ಮ್ ಹಾಕಬೇಕು. ಬಂದ ಮೂರನೇ ದಿನವೇ ಅವಳದ್ದು ಹಾಕಿದೆವು. "ನಿಮ್ಮದು ರೀ?" ಅಂದಳು. "ಸಿಟಿಜನ್‌ಗೆ ಇದೆಲ್ಲ ಬೇಡ" ಅಂತ ಜಂಬದಿಂದ ಹೇಳಿದೆ. ಮಾತು ಸರಿಯೇ. ಆದರೆ ಬಾಕಿ ಇರುವ ಅರ್ಜಿಯ ವಿಳಾಸ ಬೇರೆ ಲೆಕ್ಕ. ಅದನ್ನು ಅರ್ಜಿದಾರನೇ ರಸೀದಿ ನಂಬರ್ ಕೊಟ್ಟು ಬದಲಿಸಬೇಕು. ನನಗದು ಹೊಳೆಯಲೇ ಇಲ್ಲ. ಅಂಚೆ ಕಚೇರಿಯಲ್ಲಿ ಫಾರ್ವರ್ಡಿಂಗ್ ಹಾಕಿದ್ದೆನಲ್ಲ, ಎಲ್ಲಾ ಕಾಗದ ಬಂದೇ ಬರುತ್ತೆ ಅಂತ ಧೈರ್ಯ.

ಬರಲಿಲ್ಲ. ಲಕೋಟೆಯ ಮೇಲೆ 'ರಿಟರ್ನ್ ಸರ್ವಿಸ್ ರಿಕ್ವೆಸ್ಟೆಡ್' ಅಂತ ಇದ್ದರೆ ಅಂಚೆಯವರು ಹೊಸ ಮನೆಗೆ ಕಳಿಸುವುದಿಲ್ಲ, ಕಳಿಸಿದವರಿಗೇ ವಾಪಸ್ ಮಾಡುತ್ತಾರೆ. ಜೂನ್‌ನಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಆನ್‌ಲೈನ್‌ನಲ್ಲಿ ಅರ್ಜಿಯ ಸ್ಟೇಟಸ್ ನೋಡಿದೆ. ಹೆಚ್ಚಿನ ದಾಖಲೆ ಕೇಳಿ ಪತ್ರ ಕಳಿಸಿ ಆಗಲೇ 23 ದಿನ ಆಗಿತ್ತು. ಇಂಥ ಪತ್ರಕ್ಕೆ (ಆರ್‌ಎಫ್‌ಇ ಅಂತಾರೆ) ಉತ್ತರ ಕೊಡಲು ಹೆಚ್ಚೆಂದರೆ 84 ದಿನ, ಅಂಚೆಗೆ ಅಂತ ಇನ್ನು 3 ದಿನ. ಆದರೆ ಏನು ಕೇಳಿದ್ದಾರೆ ಅಂತಲೇ ಗೊತ್ತಿಲ್ಲ!

ಅರ್ಜಿಯನ್ನು ವಲಸೆ ಇಲಾಖೆಯ ಆನ್‌ಲೈನ್ ಅಕೌಂಟಿಗೆ ಜೋಡಿಸಿದರೆ ಪತ್ರ ಅಲ್ಲೇ ಕಾಣುತ್ತೆ. ಅದಕ್ಕೆ ಆಕ್ಸೆಸ್ ಕೋಡ್ ಬೇಕು. ಆ ಕೋಡ್ ಇರುವ ಕಾಗದ ಎಲ್ಲಿ? ಇನ್ನೂ ಬಿಚ್ಚದ ಹನ್ನೊಂದು ಡಬ್ಬಗಳಲ್ಲಿ ಯಾವುದೋ ಒಂದರಲ್ಲಿ. ಬೆಳಗಿನ ಜಾವ ಎರಡೂವರೆಗೆ ಸಿಕ್ಕಿತು. 'ಅಡಿಗೆಮನೆ' ಅಂತ ಬರೆದಿದ್ದ ಡಬ್ಬದಲ್ಲಿ, ಮಿಕ್ಸಿ ಜಾರಿಗೆ ಪೆಟ್ಟಾಗದಿರಲಿ ಅಂತ ಆ ಫೈಲನ್ನೇ ಸುತ್ತಿಟ್ಟಿದ್ದೆ. ಸುತ್ತಿದ್ದು ನಾನೇ.

ಕೇಳಿದ್ದು ಇಷ್ಟೇ: ನನ್ನ ಜನನ ಪತ್ರದಲ್ಲಿ ಅಮ್ಮನ ಹೆಸರಿದೆ, ನನ್ನ ಹೆಸರಿಲ್ಲ, ಹಾಗಾಗಿ ನಾನು ಅವರ ಮಗ ಅನ್ನೋದಕ್ಕೆ ಬೇರೆ ದಾಖಲೆ ಬೇಕು. ನಮ್ಮ ಕಾಲದಲ್ಲಿ ತಿಪಟೂರಿನಲ್ಲಿ ಹುಟ್ಟಿದ ಎಷ್ಟೋ ಜನರ ಕಥೆ ಇದೇ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತೆ, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರುವುದಿಲ್ಲ. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಅಷ್ಟೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ದಾಖಲೆ, ಜೊತೆಗೆ ನಾನು ಹುಟ್ಟಿದ್ದು ಕಂಡ ಇಬ್ಬರ ಅಫಿಡವಿಟ್ ಸೇರಿಸಿದೆ. ದೊಡ್ಡಮ್ಮನನ್ನು ನೋಟರಿ ಹತ್ತಿರ ಕಳಿಸಬೇಕಾಯಿತು. "ಲೇ, ನಿನಗೆ ಮೊದಲ ಸ್ನಾನ ಮಾಡಿಸಿದ್ದೇ ನಾನು. ಅದನ್ನೂ ಬರೆಸಲೇನೋ?" ಅಂತ ಫೋನಿನಲ್ಲಿ ಕೇಳಿದರು. ಬರೆಸಿದೆವು.

ಕೇಳಿದ ಎಲ್ಲವನ್ನೂ ಒಂದೇ ಸಲ ಕಳಿಸಬೇಕು, ಚೂರು ಚೂರಾಗಿ ಅಲ್ಲ. ಅವರ ಪತ್ರ ಎಲ್ಲಕ್ಕಿಂತ ಮೇಲಿರಬೇಕು. ಮೂಲಪತ್ರ ಇಲ್ಲದ್ದರಿಂದ ಅಕೌಂಟಿನ ಪ್ರತಿಯನ್ನೇ ಮುದ್ರಿಸಿ ಇಟ್ಟೆ. ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲಿ 61ನೇ ದಿನ ಹೋಯಿತು.

ವಿಳಾಸ ಬದಲಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಅದೇ ಹೊಟ್ಟೆ ಉರಿಯೋದು. ಅಂಚೆ ಇಲಾಖೆಯ (ಯುಎಸ್‌ಪಿಎಸ್) ತಾಣದಲ್ಲಿ ವಿಳಾಸ ಹೇಗೆ ಬರುತ್ತೋ ಹಾಗೇ ಹಾಕಿದೆ, ಬದಲಾಗಿದ್ದಕ್ಕೆ ಬಂದ ದೃಢೀಕರಣವನ್ನೂ ಉಳಿಸಿಕೊಂಡೆ. ಇನ್ಫಾರ್ಮ್ಡ್ ಡೆಲಿವರಿಗೂ ಸೇರಿದೆ. ಅದು ಬಿಟ್ಟಿ, ಅವತ್ತು ಬರುವ ಲಕೋಟೆಗಳ ಫೋಟೋ ಬೆಳಿಗ್ಗೆಯೇ ಇಮೇಲಿಗೆ ಬರುತ್ತೆ.

ಈಗ ಸ್ಟೇಟಸ್ಸಿನಲ್ಲಿ 'ಉತ್ತರ ತಲುಪಿದೆ' ಅಂತಿದೆ. ಪಾಸಾದರೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತೆ, ಆಮೇಲೆ ಮುಂಬೈಯಲ್ಲಿ ಅಮ್ಮನ ಸಂದರ್ಶನ. ಆ ಸೆಂಟರಿಗೂ ವಿಳಾಸ ಬೇರೆಯಾಗಿಯೇ ತಿಳಿಸಬೇಕು. ಅಮ್ಮ ಇಲ್ಲಿಗೆ ಬಂದ ಮೇಲೂ, ಅವರ ಖರ್ಚಿಗೆ ಜಾಮೀನು ಕೊಟ್ಟವನು ಮನೆ ಬದಲಿಸಿದರೆ 30 ದಿನದೊಳಗೆ ಐ-865 ಅನ್ನೋ ಇನ್ನೊಂದು ವಿಳಾಸ ಬದಲಾವಣೆಯ ಫಾರ್ಮ್ ಹಾಕಬೇಕು. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಉಳಿದ ಡಬ್ಬಗಳ ಕಡೆ ನೋಡಿ, "ಮೊದಲು ಇವನ್ನು ಬಿಚ್ಚಿ" ಅಂದಳು.